ಟ್ರೌಟ್ ಹೊಳೆಯ ದಡದಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೆಟ್ಟದ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಹೊಳೆಯ ಬಗ್ಗೆ. ಹಾಗಾಗಿ ಉತ್ತರಗಳೂ ಆ ಹೊಳೆಯನ್ನೇ ಕಣ್ಣೆದುರು ಇಟ್ಟುಕೊಂಡು ಬರೆದಂಥವು. ಕಾಶ್ಮೀರದ ಲಿಡ್ಡರ್‌ಗೋ ಹಿಮಾಚಲದ್ದೇ ಆದ ಬರೋಟಿನ ಊಹ್ಲ್ ಹೊಳೆಗೋ ಹೋಗುವವರಿಗೂ ಇವು ಬಹುಮಟ್ಟಿಗೆ ಹೊಂದುತ್ತವೆ.

ಪ್ರಶ್ನೆ: ಮನೆಮಂದಿಯೊಂದಿಗೆ ತೀರ್ಥನ್ ಕಣಿವೆಗೆ ಹೋಗಬೇಕೆಂದಿದ್ದೇವೆ. ಟ್ರೌಟ್ ಹಿಡಿಯಲು ಯಾವ ತಿಂಗಳು ಒಳ್ಳೆಯದು? ಡಿಸೆಂಬರ್ ರಜೆಯಲ್ಲಿ ಹೋದರೆ ಆಗುತ್ತದೆಯೆ?
— ಬೆಂಗಳೂರಿನ ಓದುಗರು

ಡಿಸೆಂಬರಿನಲ್ಲಿ ಕಣಿವೆ ನೋಡಿ ಬನ್ನಿ, ಗಾಳ ಮನೆಯಲ್ಲೇ ಇರಲಿ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರುವರಿ ಮುಗಿಯುವವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆದರಿ ಗುಳಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಮೊಟ್ಟೆ ಒಡೆಯಲು ಎಷ್ಟು ದಿನ ಬೇಕೆಂಬುದನ್ನು ನೀರಿನ ತಂಪು ತೀರ್ಮಾನಿಸುತ್ತದೆ. ಪ್ರತಿದಿನದ ನೀರಿನ ಉಷ್ಣತೆಯನ್ನು ಕೂಡುತ್ತ ಹೋಗಿ. ಮೊತ್ತ ಸುಮಾರು 400 ಡಿಗ್ರಿ ದಾಟಿದಾಗ ಕಂದು ಟ್ರೌಟಿನ ಮೊಟ್ಟೆ ಒಡೆಯುತ್ತದೆ. ಅಂದರೆ 10 ಡಿಗ್ರಿ ನೀರಿನಲ್ಲಿ 40 ದಿನ, 5 ಡಿಗ್ರಿ ನೀರಿನಲ್ಲಿ 80 ದಿನ. ಒಡೆದ ಮೇಲೂ ಮರಿಗಳು ಹೊಟ್ಟೆಗೆ ಅಂಟಿದ ಚೀಲದ ಸತ್ವ ತೀರುವವರೆಗೆ ಕೆಲವು ವಾರ ಜಲ್ಲಿಯೊಳಗೇ ಇರುತ್ತವೆ.

ಈ ಲೆಕ್ಕ ಗೊತ್ತಿದ್ದರೆ ಮಾರ್ಚಿನಲ್ಲಿ ಹೋಗುವವರಿಗೂ ಒಂದು ಎಚ್ಚರ ತಾನಾಗಿ ಬರುತ್ತದೆ. ಪರವಾನಗಿ ಕೈಯಲ್ಲಿದ್ದರೂ ಮಡು ಮುಗಿದು ನೀರು ತೆಳ್ಳಗಾಗುವ ಕಡೆಯ ಜಲ್ಲಿಯ ಮೇಲೆ ಆ ತಿಂಗಳು ಕಾಲಿಡಬೇಡಿ. ಸುತ್ತಲಿನ ಕಲ್ಲು ಹಾವಸೆಗಟ್ಟಿ ಕಪ್ಪಾಗಿದ್ದು, ನಡುವೆ ಒಂದು ಮೊರದಗಲ ಜಾಗ ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ಅದೇ ಗೂಡು. ಒಂದು ಹೆಜ್ಜೆಗೆ ನೂರಾರು ಮರಿ ಹೋಗುತ್ತವೆ.

ಒಳ್ಳೆಯ ಕಾಲ ಎರಡು. ಮಾರ್ಚ್ ನಡುವಿನಿಂದ ಮೇವರೆಗೆ ಒಂದು, ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಇನ್ನೊಂದು. ನಮ್ಮನ್ನು ಕೇಳಿದರೆ ಅಕ್ಟೋಬರೇ ಮೇಲು, ಆಗ ನೀರು ಇಳಿದು ಗಾಜಿನಂತಿರುತ್ತದೆ. ಮೇ ತಿಂಗಳಿನಿಂದ ಮೇಲಿನ ಹಿಮ ಕರಗಿದ ನೀರು ಸೇರತೊಡಗುತ್ತದೆ. ಬೆಳಿಗ್ಗೆ ತಿಳಿಯಾಗಿದ್ದ ಹೊಳೆ ಮಧ್ಯಾಹ್ನದ ಹೊತ್ತಿಗೆ ಬೂದಿ ಕಲಸಿದಂತಾಗಿ ಏರುವುದೂ ಉಂಟು. ಅಂಥ ದಿನ ಬೆಳಕು ಹರಿದಾಗಿನಿಂದ ಹತ್ತು ಗಂಟೆಯವರೆಗಿನ ಸಮಯವನ್ನು ಬಿಡಬೇಡಿ. ಮಾರ್ಚಿನಲ್ಲಿ ಇದು ತಿರುವುಮುರುವು. ನೀರು 6–7 ಡಿಗ್ರಿ ಇರುವಾಗ ಮೀನು ಜಡವಾಗಿ ತಳ ಹಿಡಿದಿರುತ್ತದೆ, ಬಿಸಿಲು ಬಿದ್ದು ನೀರು 9–10ಕ್ಕೆ ಬರುವ ಹನ್ನೊಂದು ಗಂಟೆಯ ಮೇಲೆಯೇ ಹುಳ ಏಳುತ್ತವೆ, ಮೀನೂ ಏಳುತ್ತದೆ. ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರಲಿ. ಗಡಿಯಾರಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಪರವಾನಗಿಯನ್ನು ರಾಜ್ಯದ ಮೀನುಗಾರಿಕೆ ಇಲಾಖೆ ದಿನದ ಲೆಕ್ಕದಲ್ಲಿ ಕೊಡುತ್ತದೆ. ಎಷ್ಟು ಉದ್ದದ ಮೀನನ್ನು ಇಟ್ಟುಕೊಳ್ಳಬಹುದು, ದಿನಕ್ಕೆ ಎಷ್ಟು ಎಂಬ ನಿಯಮಗಳನ್ನು ಅದನ್ನು ಪಡೆಯುವಾಗಲೇ ಕೇಳಿ ಬರೆದುಕೊಳ್ಳಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿನ ನೀರಿನ ತಂಟೆಗೆ ಹೋಗಬೇಡಿ. ಗಡಿಯಿಂದ ಕೆಳಗೆ, ಗುಶೈನಿ ಮತ್ತು ಬಂಜಾರ್ ಕಡೆಗೆ, ಬೇಕಾದಷ್ಟು ಹೊಳೆ ಇದೆ.

ಪ್ರಶ್ನೆ: ನಾಲ್ಕು ದಿನ ಪ್ರಯತ್ನಪಟ್ಟೆ. ನೀರು ತಿಳಿಯಾಗಿತ್ತು, ಮೀನು ಕಣ್ಣಿಗೆ ಕಾಣುತ್ತಿದ್ದವು. ಹತ್ತಿರ ಹೋಗುತ್ತಿದ್ದಂತೆ ಬಾಣದಂತೆ ಮಾಯ. ಒಂದೂ ಕಚ್ಚಲಿಲ್ಲ. ಯಾವ ಗಾಳ ಹಾಕಬೇಕಿತ್ತು?
— ಮೈಸೂರಿನ ಓದುಗರು

ನೀವು ಸೋತದ್ದು ಗಾಳದಲ್ಲಲ್ಲ, ಕಾಲಿನಲ್ಲಿ. ಟ್ರೌಟ್ ವಿದ್ಯೆಯ ಮುಕ್ಕಾಲು ಪಾಲು ದಾರ ನೀರಿಗೆ ಬೀಳುವ ಮೊದಲೇ ಮುಗಿದಿರುತ್ತದೆ, ಹಾಗಾಗಿ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಹರಿವ ನೀರಿನಲ್ಲಿ ಟ್ರೌಟ್ ಸದಾ ಸೆಳವಿಗೆ ಮುಖ ಕೊಟ್ಟು ನಿಲ್ಲುತ್ತದೆ. ಉಸಿರಿನ ನೀರೂ ಊಟದ ಹುಳವೂ ಬರುವುದು ಆ ಕಡೆಯಿಂದ. ನೀವು ದಾರಿಯ ಜಾಡು ಹಿಡಿದು ಮೇಲಿನಿಂದ ಕೆಳಕ್ಕೆ ಇಳಿದು ಬಂದರೆ ಅದರ ಕಣ್ಣೆದುರೇ ನಡೆದು ಬಂದಂತೆ. ಮೊದಲು ಹೊಳೆಯಿಂದ ದೂರ ಸರಿದು ಕೆಳಕ್ಕೆ ಇಳಿಯಿರಿ, ಆಮೇಲೆ ನೀರಿನ ಅಂಚಿಗೆ ಬಂದು ಮೇಲ್ಮುಖವಾಗಿ ಏರುತ್ತ ಹೋಗಿ. ಮೀನಿನ ಬೆನ್ನ ಹಿಂದೆ ಒಂದು ಕುರುಡು ಪಟ್ಟಿ ಇದೆ. ನಿಮ್ಮ ಜಾಗ ಅದು.

ಎರಡನೆಯದು ನಿಮ್ಮ ಎತ್ತರ. ನೀರಿನೊಳಗಿರುವ ಮೀನಿಗೆ ಹೊರಲೋಕ ಕಾಣುವುದು ತಲೆಯ ಮೇಲಿನ ಒಂದು ದುಂಡು ಕಿಂಡಿಯ ಮೂಲಕ ಮಾತ್ರ. ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ ಹೀಗಾಗುತ್ತದೆ. ಕಿಂಡಿಯ ಅಗಲ ಮೀನು ಇರುವ ಆಳದ ಎರಡೂಕಾಲು ಪಟ್ಟು: 60 ಸೆಂಟಿಮೀಟರ್ ಆಳದಲ್ಲಿರುವ ಮೀನಿಗೆ ಸುಮಾರು 135 ಸೆಂಟಿಮೀಟರ್ ಅಗಲದ ಕಿಂಡಿ. ಆ ಕಿಂಡಿಯ ಅಂಚಿನಲ್ಲಿ ಎಲ್ಲವೂ ಒತ್ತಿ ಚಪ್ಪಟೆಯಾಗಿರುತ್ತದೆ. ನೀರಿನ ಮಟ್ಟದಿಂದ ಮೇಲಕ್ಕೆ 10 ಡಿಗ್ರಿ ಕೋನದೊಳಗೆ ಇರುವುದು ಅದಕ್ಕೆ ಕಂಡರೂ ಕಾಣದಂತೆಯೇ. ಇದನ್ನು ಮೀಟರಿಗೆ ಇಳಿಸಿದರೆ, ಕಿಂಡಿಯ ಅಂಚಿನಿಂದ 10 ಮೀಟರ್ ದೂರದಲ್ಲಿ ನೀರಿನ ಮಟ್ಟದಲ್ಲಿ ನಿಂತಿದ್ದರೆ ಸುಮಾರು ಒಂದೂಮುಕ್ಕಾಲು ಮೀಟರ್ ಎತ್ತರದವರೆಗೆ ನೀವು ಕ್ಷೇಮ. 6 ಮೀಟರಿಗೆ ಬಂದರೆ ಒಂದು ಮೀಟರ್ ಎತ್ತರ ಮಾತ್ರ, ಅಂದರೆ ಮಂಡಿಯೂರಬೇಕು. ಒಂದು ಮೀಟರ್ ಎತ್ತರದ ದಡದ ಮೇಲೆ ನಿಂತರೆ ಆ ಮೀಟರೂ ನಿಮ್ಮ ಮೈಗೆ ಸೇರಿತು. ರಸ್ತೆಬದಿಯ ತಡೆಗೋಡೆಯ ಮೇಲಿಂದ, ಸೇತುವೆಯ ಮೇಲಿಂದ ಮೀನು ಚೆನ್ನಾಗಿ ಕಾಣುತ್ತದೆ ನಿಜ. ಆದರೆ ನಿಮಗೆ ಅದು ಕಂಡಷ್ಟೇ ಚೆನ್ನಾಗಿ ಅದಕ್ಕೂ ನೀವು ಕಂಡಿರುತ್ತೀರಿ.

ಮೂರನೆಯದು ನೆರಳು ಮತ್ತು ಸದ್ದು. ಸೂರ್ಯ ಬೆನ್ನಿಗಿದ್ದರೆ ನಿಮಗಿಂತ ಮೊದಲು ನಿಮ್ಮ ನೆರಳು ಮಡುವಿಗೆ ತಲಪುತ್ತದೆ, ಎದ್ದ ರಾಡಿನ ನೆರಳು ಇನ್ನೂ ಮುಂದೆ. ಮಾತಾಡಿದರೆ ಪರವಾಗಿಲ್ಲ, ಗಾಳಿಯಲ್ಲಿ ಬರುವ ಸದ್ದು ನೀರಿಗೆ ಅಷ್ಟಾಗಿ ಇಳಿಯದು. ಕಾಲಡಿಯ ಕಲ್ಲು ಕಲ್ಲಿಗೆ ತಾಗಿ ಕಟಕಟ ಎಂದರೆ ಮಾತ್ರ ಕೆಟ್ಟಿತು. ಮೀನಿನ ಪಕ್ಕೆಯ ಉದ್ದಕ್ಕೂ ಇರುವ ಗೆರೆ ಆ ಅದುರನ್ನು ಹಿಡಿಯುತ್ತದೆ. ಕೋಲು ಊರುವವರು ಅದರ ಕಬ್ಬಿಣದ ತುದಿಗೆ ರಬ್ಬರ್ ಬಿರಡೆ ಹಾಕಿಕೊಳ್ಳಿ. ಬಟ್ಟೆ ಹಸಿರು, ಬೂದು, ಮಣ್ಣಿನ ಬಣ್ಣದ್ದಿರಲಿ. ಬಿಳಿ ಟೋಪಿ ಬೇಡ.

ಇನ್ನು ಎಲ್ಲಿ ನಿಂತಿರುತ್ತದೆ ಎಂಬುದು. ಟ್ರೌಟ್ ವೇಗದ ಸೆಳವಿನಲ್ಲಿ ಈಜುತ್ತ ನಿಲ್ಲುವುದಿಲ್ಲ. ಶ್ರಮವಿಲ್ಲದ ನಿಧಾನ ನೀರಿನಲ್ಲಿ ನಿಂತು, ಪಕ್ಕದ ವೇಗದ ನೀರು ಹೊತ್ತು ತರುವ ಹುಳಕ್ಕೆ ಬಾಯಿ ಹಾಕುತ್ತದೆ. ಬಂಡೆಯ ಹಿಂದಿನ ಶಾಂತ ಜಾಗ ಎಲ್ಲರಿಗೂ ಗೊತ್ತು. ಬಂಡೆಯ ಮುಂದೆ, ನೀರು ಬಡಿದು ಉಬ್ಬುವ ಕಡೆ, ಒಂದು ಮೆತ್ತೆಯಂಥ ನಿಶ್ಚಲ ಜಾಗ ಇರುತ್ತದೆ. ದೊಡ್ಡ ಮೀನು ಹೆಚ್ಚಾಗಿ ಅಲ್ಲಿ. ವೇಗದ ನೀರೂ ನಿಧಾನದ ನೀರೂ ಹೊಲಿಗೆಯಂತೆ ಸೇರುವ ಗೆರೆ, ಬೇರಿನ ಕೆಳಗೆ ಕೊರೆದ ದಡ, ಝರಿ ಮಡುವಿಗೆ ಬೀಳುವ ನೊರೆಯ ಅಂಚು, ಇವನ್ನೂ ಬಿಡಬೇಡಿ. ನೊರೆ ಹರಿಯುವ ದಾರಿಯೇ ಹುಳ ಹರಿಯುವ ದಾರಿ.

ಮಡುವಿಗೆ ಬಂದಾಗ ಮೊದಲು ಮಡುವಿನ ಬಾಲಕ್ಕೆ, ಅಂದರೆ ನೀರು ತೆಳ್ಳಗಾಗಿ ಹೊರಹರಿಯುವ ಕೆಳತುದಿಗೆ, ಹತ್ತಿರದ ನೀರಿಗೆ ಗಾಳ ಹಾಕಿ, ಆಮೇಲೆ ಮೇಲಕ್ಕೆ, ದೂರಕ್ಕೆ. ಮೊದಲೇ ಮಡುವಿನ ನಡುವಿಗೆ ಎಸೆದರೆ ಬಾಲದಲ್ಲಿದ್ದ ಸಣ್ಣ ಮೀನು ಬೆದರಿ ಮೇಲಕ್ಕೆ ಓಡಿ ಉಳಿದೆಲ್ಲವನ್ನೂ ಎಬ್ಬಿಸಿಬಿಡುತ್ತದೆ. ಒಂದು ಮಡುವಿನಲ್ಲಿ ಐದಾರು ಒಳ್ಳೆಯ ಎಸೆತ ಸಾಕು. ಆಗಲಿಲ್ಲವೆ, ಮುಂದಕ್ಕೆ ನಡೆಯಿರಿ.

ಪ್ರಶ್ನೆ: ತುಂಗಭದ್ರೆಯಲ್ಲಿ ಕಾಟ್ಲಾ, ರೋಹು ಹಿಡಿಯುವ ಹತ್ತು ಅಡಿಯ ರಾಡ್ ನನ್ನಲ್ಲಿದೆ. ದಾರ 20 ಪೌಂಡಿನದು. ಟ್ರೌಟಿಗೆ ಸಾಲದೆ?
— ಹರಿಹರದ ಓದುಗರು

ಸಾಲದೆಂದಲ್ಲ, ಅತಿಯಾಯಿತು. ಟ್ರೌಟಿಗೆ ಎಸೆಯುವ ಸ್ಪಿನ್ನರ್, ಅಂದರೆ ನೀರಿನಲ್ಲಿ ಎಳೆದಾಗ ಲೋಹದ ಅಲಗು ಗಿರಗಿರ ತಿರುಗುವ ಗಾಳ, 2ರಿಂದ 4 ಗ್ರಾಂ ತೂಕದ್ದು. ಅಷ್ಟು ಹಗುರದ ವಸ್ತು 20 ಪೌಂಡಿನ ದಪ್ಪ ತಂಗೂಸಿಯನ್ನು ರೀಲಿನಿಂದ ಎಳೆದುಕೊಂಡು ಹೋಗಲಾರದು, ಐದು ಮೀಟರಿಗೇ ಬೀಳುತ್ತದೆ. ತಿಳಿನೀರಿನಲ್ಲಿ ಆ ದಾರ ಹಗ್ಗದಂತೆ ಕಾಣುತ್ತದೆ ಕೂಡ.

ಕಲಿಯುವವರಿಗೆ ಸುಲಭದ ದಾರಿ ಈ ಸ್ಪಿನ್ನರ್ ಎಸೆಯುವ ಸ್ಪಿನ್ನಿಂಗ್. ಆರು, ಆರೂವರೆ ಅಡಿಯ ಅಲ್ಟ್ರಾಲೈಟ್ (ಅತಿ ಹಗುರದ) ರಾಡ್, 1000 ಅಥವಾ 2000 ಅಳತೆಯ ರೀಲ್, 4ರಿಂದ 6 ಪೌಂಡಿನ ನೈಲಾನ್ ತಂಗೂಸಿ. ಸ್ಪಿನ್ನರಿಗೆ ಅರ್ಧ ಮೀಟರ್ ಮೇಲೆ ಒಂದು ಚಿಕ್ಕ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿ; ಇಲ್ಲದಿದ್ದರೆ ಅದು ತಿರುಗಿ ತಿರುಗಿ ದಾರ ಹುರಿಗೊಂಡು ಅರ್ಧ ದಿನದಲ್ಲಿ ಗೋಜಲು. ಮೂರು ಮೊನೆಯ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಮಲಗಿಸಿ. ಮೇಲ್ಮುಖವಾಗಿ ಓರೆಗೆ ಎಸೆದು ಹೊಳೆಯ ವೇಗಕ್ಕಿಂತ ಒಂದಿಷ್ಟೇ ಜೋರಾಗಿ ಸುತ್ತಿ. ರಾಡಿನ ತುದಿಯಲ್ಲಿ ಅಲಗು ತಿರುಗುವ ಮಿಡಿತ ಕೈಗೆ ಬರಬೇಕು. ಮಿಡಿತ ನಿಂತಿತೆಂದರೆ ನೀವು ನಿಧಾನವಾದಿರಿ, ಸ್ಪಿನ್ನರ್ ತಳ ಸೇರಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕೆಳಕ್ಕೆ ಎಸೆದು ಸೆಳವಿಗೆ ಎದುರಾಗಿ ಎಳೆದರೆ ಅದು ನೀರಿನ ಮೇಲಕ್ಕೆ ತೇಲಿಬಂದು ಕುಣಿಯುತ್ತದೆ; ಹೊಸಬರೆಲ್ಲ ಮಾಡುವ ತಪ್ಪು ಇದೇ.

ಫ್ಲೈ, ಅಂದರೆ ಗರಿ, ತುಪ್ಪಳ, ದಾರ ಸುತ್ತಿ ಮಾಡಿದ ಹುಳದ ಅಣಕು. ಇದರ ವಿದ್ಯೆ ಬೇರೆ. ಫ್ಲೈಗೆ ತೂಕವೇ ಇಲ್ಲ, ಎಸೆಯುವುದು ದಾರದ ತೂಕವನ್ನು. 4ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 7.8 ಗ್ರಾಂ, 5ನೇ ನಂಬರಿನದು 9.1 ಗ್ರಾಂ ತೂಗುತ್ತದೆ. ರಾಡೂ ಅದೇ ನಂಬರಿನದಾಗಬೇಕು, ಇಲ್ಲದಿದ್ದರೆ ಒಂದೋ ರಾಡ್ ಬಾಗದು, ಇಲ್ಲವೇ ಸೋತು ಜೋಲುತ್ತದೆ. ತೀರ್ಥನ್ ಅಗಲದ ಹೊಳೆಗೆ ಎಂಟೂವರೆ ಅಡಿಯ 4ನೇ ನಂಬರ್, ಮರ ಮುಚ್ಚಿದ ಸಣ್ಣ ಹಳ್ಳಕ್ಕೆ ಏಳೂವರೆ ಅಡಿಯ 3ನೇ ನಂಬರ್ ಸಾಕು. ದಾರದ ತುದಿಗೆ ಲೀಡರ್, ಅಂದರೆ 9 ಅಡಿಯ ಸಪೂರಾಗುತ್ತ ಹೋಗುವ ತಂಗೂಸಿ, ಅದರ ಕೊನೆಗೆ ಫ್ಲೈ ಕಟ್ಟುವ ತೀರ ಸಪೂರ ತುಂಡು, ಅದೇ ಟಿಪೆಟ್. ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿದರೆ ಟಿಪೆಟ್ಟಿನ ನಂಬರ್ ಸಿಗುತ್ತದೆ. 12ರ ಕೊಕ್ಕೆಗೆ 4 ಎಕ್ಸ್, 0.18 ಮಿಲಿಮೀಟರ್, 16ಕ್ಕೆ 5 ಎಕ್ಸ್, 0.15 ಮಿಲಿಮೀಟರ್.

ಎರೆಹುಳ ಬೇಡ. ಟ್ರೌಟ್ ಅದನ್ನು ಗಂಟಲಿನಾಚೆಗೆ ನುಂಗಿಬಿಡುತ್ತದೆ. ಚಿಕ್ಕ ಮೀನಾದರೆ ಬದುಕಿಸಿ ಬಿಡುವುದು ಕಷ್ಟ.

ಪ್ರಶ್ನೆ: ತೇಲುವ ಫ್ಲೈಗೆ ಮೀನು ಮೇಲಕ್ಕೆ ಬರುತ್ತದೆ, ಮೂಗು ತಾಗಿಸುವಷ್ಟು ಹತ್ತಿರ ಬಂದು ತಿರುಗಿ ಹೋಗುತ್ತದೆ. ಬಣ್ಣ ಬದಲಿಸಿ ಬದಲಿಸಿ ಸಾಕಾಯಿತು.
— ಶಿವಮೊಗ್ಗದ ಓದುಗರು

ಬಣ್ಣದ ತಪ್ಪು ನೂರಕ್ಕೆ ಹತ್ತು ಸಲವೂ ಇರಲಾರದು. ನಿಜವಾದ ಹುಳಕ್ಕೆ ದಾರ ಕಟ್ಟಿರುವುದಿಲ್ಲ, ಅದು ತನ್ನ ಕೆಳಗಿನ ನೀರಿನ ವೇಗದಲ್ಲೇ ತೇಲುತ್ತದೆ. ನಿಮ್ಮ ಫ್ಲೈ ನಿಧಾನದ ನೀರಿನಲ್ಲಿ ಕುಳಿತಿದೆ, ನಡುವಿನ ವೇಗದ ನೀರು ದಾರದ ಹೊಟ್ಟೆಯನ್ನು, ಅಂದರೆ ನಡುಭಾಗವನ್ನು, ಕೆಳಕ್ಕೆ ಎಳೆಯುತ್ತಿದೆ. ಆಗ ಫ್ಲೈ ಒಂದು ಬೆರಳಷ್ಟು ಅಡ್ಡಕ್ಕೆ ಜಾರುತ್ತದೆ. ನಿಮಗೆ ಗೊತ್ತಾಗದು, ಮೀನಿಗೆ ಅಷ್ಟು ಸಾಕು.

ಪರಿಹಾರ ಈ ಕ್ರಮದಲ್ಲಿ ನೋಡಿ. ಮೊದಲು ಎರಡು ಹೆಜ್ಜೆ ಹತ್ತಿರ ಹೋಗಿ, ರಾಡ್ ಎತ್ತಿ ಹಿಡಿದು, ವೇಗದ ನೀರಿನ ಮೇಲೆ ದಾರವೇ ಬೀಳದಂತೆ ಮಾಡಿ. ಬಂಡೆಗಳ ನಡುವಿನ ನೀರಿನಲ್ಲಿ ಆರು ಮೀಟರಿಗಿಂತ ಉದ್ದದ ಎಸೆತ ಬೇಕಾಗುವುದೇ ಅಪರೂಪ. ಅದಾಗದಿದ್ದರೆ, ದಾರ ನೀರಿಗೆ ಬಿದ್ದ ಕೂಡಲೇ ರಾಡಿನ ತುದಿಯಿಂದ ಅರ್ಧಚಂದ್ರ ಬರೆದು ದಾರದ ಹೊಟ್ಟೆಯನ್ನು ಮೇಲ್ಮುಖಕ್ಕೆ ಎತ್ತಿ ಹಾಕಿ, ಫ್ಲೈ ಅಲುಗಬಾರದು. ಆಮೇಲೆ ಟಿಪೆಟ್ಟಿಗೆ ಇನ್ನೂ 60 ಸೆಂಟಿಮೀಟರ್ ಸೇರಿಸಿ. ಅದು ಸಡಿಲವಾಗಿ ಸುರುಳಿಯಾಗಿ ಬಿದ್ದು, ಆ ಸುರುಳಿ ಬಿಚ್ಚುವವರೆಗೆ ಫ್ಲೈ ಸ್ವತಂತ್ರವಾಗಿ ತೇಲುತ್ತದೆ. ಅಷ್ಟಾದ ಮೇಲೂ ತಿರಸ್ಕರಿಸಿದರೆ ಅದೇ ಫ್ಲೈಯನ್ನು ಒಂದು ಅಳತೆ ಚಿಕ್ಕದು ಮಾಡಿ, 14ರ ಬದಲು 16 (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು). ಬಣ್ಣದ ಸರದಿ ಕೊನೆಗೆ.

ಅದಕ್ಕೂ ಮೊದಲು ನೀರಿನಿಂದ ನಾಲ್ಕು ಕಲ್ಲು ಎತ್ತಿ ಅಡಿ ನೋಡಿ. ಮರಳಿನ ಕಾಳು ಅಂಟಿಸಿ ಕೊಳವೆಗೂಡು ಕಟ್ಟಿಕೊಂಡ ಹುಳ ತುಂಬಿದ್ದರೆ ಕ್ಯಾಡಿಸ್. ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈ ಕಟ್ಟಿ. ಚಪ್ಪಟೆ ಮೈ, ಬಾಲದಲ್ಲಿ ಮೂರು ಎಳೆ ಇರುವವು ಮೇಫ್ಲೈ ಮರಿಗಳು, ಅವಕ್ಕೆ ಆ್ಯಡಮ್ಸ್ ಎಂಬ ಫ್ಲೈ ನಡೆಯುತ್ತದೆ. ನೀರಿನ ಮೇಲೆ ಏನೂ ಏಳುತ್ತಿಲ್ಲವಾದರೆ ತೇಲುವುದನ್ನು ಬಿಟ್ಟು ಮುಳುಗುವ ಫೆಸೆಂಟ್ ಟೇಲ್ ಅಥವಾ ಹೇರ್ಸ್ ಇಯರ್, ತಲೆಗೆ ಎರಡೂವರೆ ಮೂರು ಮಿಲಿಮೀಟರಿನ ಲೋಹದ ಮಣಿ ಇರುವಂಥದ್ದು. ಟ್ರೌಟ್ ತಿನ್ನುವುದರಲ್ಲಿ ಹೆಚ್ಚಿನ ಪಾಲು ನೀರಿನೊಳಗೇ. ತೇಲುಬೆಂಡನ್ನು ಫ್ಲೈಯಿಂದ ನೀರಿನ ಆಳದ ಒಂದೂವರೆಯಷ್ಟು ದೂರದಲ್ಲಿ ಕಟ್ಟಿ. ಆಗಾಗ ತಳದ ಕಲ್ಲಿಗೆ ತಾಗಿ ಬೆಂಡು ತಡವರಿಸದಿದ್ದರೆ ನೀವು ತೀರ ಮೇಲಿದ್ದೀರಿ ಎಂದರ್ಥ.

ಕಚ್ಚಿದಾಗ ಅವಸರ ಬೇಡ. ತೇಲುವ ಫ್ಲೈಯನ್ನು ಬಾಯಿಗೆ ಹಾಕಿಕೊಂಡ ಮೀನು ತಲೆ ಕೆಳಗೆ ಮಾಡುವವರೆಗೆ ಕಾದು, ಆಮೇಲೆ ಮಣಿಕಟ್ಟು ಎತ್ತಿ. ಮುಳುಗುವ ಫ್ಲೈಗೆ ಮಾತ್ರ ಬೆಂಡು ಅಲುಗಿದ ಕ್ಷಣವೇ.

ಪ್ರಶ್ನೆ: ಎರಡು ಒಳ್ಳೆಯ ಮೀನು ದಾರ ಕಡಿದುಕೊಂಡು ಹೋದವು. ದಪ್ಪ ದಾರ ಹಾಕಲೆ?
— ಹುಬ್ಬಳ್ಳಿಯ ಓದುಗರು

ದಾರದ ತುಂಡಾದ ತುದಿಯನ್ನು ಮೊದಲು ಬೆಳಕಿಗೆ ಹಿಡಿಯಿರಿ. ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ದಾರ ಕಡಿದಿಲ್ಲ, ಗಂಟು ಜಾರಿ ಬಿಚ್ಚಿದೆ. ಒರಟಾಗಿ ಸವೆದಂತಿದ್ದರೆ ಕಲ್ಲಿಗೆ ಉಜ್ಜಿದೆ. ನೇರವಾಗಿ ಕತ್ತರಿಸಿದಂತಿದ್ದರೆ ಭಾರ ಹೆಚ್ಚಾಗಿದೆ, ಇಲ್ಲವೇ ಎಸೆಯುವಾಗ ದಾರದ ನಡುವೆ ತಾನಾಗಿ ಒಂದು ಗಂಟು ಬಿದ್ದಿತ್ತು. ಅಂಥ ಒಂದು ಗಂಟು ದಾರದ ಬಲವನ್ನು ಅರ್ಧಕ್ಕೆ ಇಳಿಸುತ್ತದೆ. ಅದನ್ನು ಬಿಚ್ಚಲು ಹೋಗದೆ ಅಲ್ಲಿಗೇ ಕತ್ತರಿಸಿ ಮತ್ತೆ ಕಟ್ಟಿ.

ಗಂಟು ಹೀಗೆ. ದಾರವನ್ನು ಕೊಕ್ಕೆಯ ಕಣ್ಣಿನಿಂದ ಒಂದು ಗೇಣು ಹೊರತೆಗೆಯಿರಿ. ಮುಖ್ಯ ದಾರದ ಸುತ್ತ ಐದಾರು ಸುತ್ತು. ತುದಿಯನ್ನು ಕಣ್ಣಿನ ಪಕ್ಕದ ಚಿಕ್ಕ ಕುಣಿಕೆಯೊಳಗೆ ತೂರಿಸಿ, ಆಗ ಉಂಟಾದ ದೊಡ್ಡ ಕುಣಿಕೆಯೊಳಗೂ ಹಾಯಿಸಿ. ಎಂಜಲಿನಿಂದ ಒದ್ದೆ ಮಾಡಿ ನಿಧಾನವಾಗಿ ಬಿಗಿಯಿರಿ. ಒಣಗಿದ್ದಾಗಲೇ ಜಗ್ಗಿದರೆ ಉಜ್ಜಿದ ಬಿಸಿಗೆ ನೈಲಾನ್ ಸೊರಗುತ್ತದೆ. ಸುತ್ತುಗಳು ಒಂದರ ಪಕ್ಕ ಒಂದು ಶಿಸ್ತಾಗಿ ಕೂರಬೇಕು, ಒಂದರ ಮೇಲೊಂದು ಏರಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ತುದಿ ಎರಡು ಮಿಲಿಮೀಟರ್ ಉಳಿಸಿ ಕತ್ತರಿಸಿ.

ರೀಲಿನ ಬಿಗಿಯನ್ನು ದಾರದ ಬಲದ ಕಾಲುಭಾಗಕ್ಕೆ ಇಡಿ. ನಾಲ್ಕು ಪೌಂಡಿನ ದಾರವೆಂದರೆ ಸುಮಾರು 1800 ಗ್ರಾಂ, ಅದರ ಕಾಲುಭಾಗ 450. ಅಳತೆಗೆ ತಕ್ಕಡಿ ಬೇಡ: ಅರ್ಧ ಲೀಟರಿನ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ಎತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲ್ ದಾರ ಬಿಡತೊಡಗಬೇಕು.

ಪ್ರಶ್ನೆ: ಹಿಡಿದದ್ದು ಟ್ರೌಟ್ ಅಲ್ಲ, ಅಸೇಲ ಎಂದು ಊರಿನವರು ಹೇಳಿದರು. ಅದನ್ನೂ ಸ್ನೋ ಟ್ರೌಟ್ ಎನ್ನುತ್ತಾರಲ್ಲ?
— ಕಾರವಾರದ ಓದುಗರು

ಹೆಸರಿನಲ್ಲಿ ಮಾತ್ರ ಟ್ರೌಟ್. ಅದು ನಮ್ಮ ಗೆಂಡೆ ಮೀನಿನ ಬಳಗದ್ದು, ಹಿಮಾಲಯದ ಮೂಲನಿವಾಸಿ. ಬಾಯಿ ತಲೆಯ ಅಡಿಗಿದ್ದು ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ. ಗುರುತು ಹಿಡಿಯಲು ಬೆನ್ನು ನೋಡಿ: ನಿಜವಾದ ಟ್ರೌಟಿಗೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಎಲುಬಿಲ್ಲದ ಒಂದು ಚಿಕ್ಕ ಮಾಂಸದ ರೆಕ್ಕೆ ಇರುತ್ತದೆ, ಅಸೇಲಕ್ಕೆ ಇಲ್ಲ. ಕಂದು ಟ್ರೌಟಿನ ಪಕ್ಕೆಯಲ್ಲಿ ಮಸುಕು ಉಂಗುರದೊಳಗೆ ಕೆಂಪು ಚುಕ್ಕೆ, ಬಾಲದಲ್ಲಿ ಚುಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಕಾಮನಬಿಲ್ಲಿನ ಟ್ರೌಟಿಗೆ ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟಿ, ಬಾಲದ ತುಂಬ ಕಪ್ಪು ಚುಕ್ಕೆ.

ಕಂದು ಟ್ರೌಟ್ ಈ ನೆಲದ್ದಲ್ಲ. ಅದು ಬ್ರಿಟನ್ನಿನಿಂದ ಕಾಶ್ಮೀರಕ್ಕೆ ಬಂದು ನೆಲೆಗೊಂಡದ್ದು 1900ರಲ್ಲಿ, ಕುಲ್ಲು ಕಣಿವೆಗೆ ಅಲ್ಲಿಂದ ತಂದು ಬಿಟ್ಟದ್ದು 1909ರಲ್ಲಿ. ಟ್ರೌಟಿನ ಗಾಳಕ್ಕೆ ಅಸೇಲ ಸಿಕ್ಕರೆ ಜೋಪಾನವಾಗಿ ನೀರಿಗೆ ಬಿಡಿ. ಹೊಳೆಯ ಮೊದಲ ಹಕ್ಕುದಾರ ಅದು.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ವರ್ಷವಿಡೀ ಹರಿಯುವ ತಣ್ಣನೆಯ ಹಳ್ಳ ಇದೆ. ಟ್ರೌಟ್ ಮರಿ ತಂದು ಬಿಡಬಹುದೆ? ನೀಲಗಿರಿಯಲ್ಲಿ ಬದುಕುವ ಮೀನು ಇಲ್ಲಿ ಬದುಕಬೇಡವೆ?
— ಚಿಕ್ಕಮಗಳೂರಿನ ಓದುಗರು

ದಯವಿಟ್ಟು ಬೇಡ. ಕೈಗೆ ತಣ್ಣಗೆನಿಸುವ ನೀರು ಟ್ರೌಟಿಗೆ ತಣ್ಣಗಲ್ಲ. ಅದಕ್ಕೆ ಹಿತವಾದದ್ದು 10ರಿಂದ 16 ಡಿಗ್ರಿ. 20 ದಾಟಿದರೆ ಮೇವು ಬಿಡುತ್ತದೆ, 25ರ ಹತ್ತಿರ ಸಾಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿದ ಆಮ್ಲಜನಕ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಲೀಟರಿಗೆ 11.3 ಮಿಲಿಗ್ರಾಂ ಹಿಡಿದರೆ 25 ಡಿಗ್ರಿಯದು 8.3 ಮಾತ್ರ. ಅದೇ ಹೊತ್ತಿಗೆ ಮೀನಿನ ಉಸಿರಿನ ಬೇಡಿಕೆ ಏರಿರುತ್ತದೆ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಹಳ್ಳದಲ್ಲಿ ಥರ್ಮಾಮೀಟರ್ ಅದ್ದಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ನೀಲಗಿರಿಯ ಕತೆ ಬೇರೆ. ಅಲ್ಲಿ ಟ್ರೌಟ್ ಇರುವ ತೊರೆಗಳು 2000 ಮೀಟರ್ ಆಸುಪಾಸಿನ ಹುಲ್ಲುಗಾವಲಿನವು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ ಸುಮಾರು 1930 ಮೀಟರ್, ತೋಟದ ಹಳ್ಳಗಳು ಅದಕ್ಕಿಂತ ಎಷ್ಟೋ ಕೆಳಗೆ. ನೀಲಗಿರಿಯಲ್ಲೂ ಒಂದೇ ಸಲಕ್ಕೆ ಆದದ್ದಲ್ಲ. 1860ರ ದಶಕದಲ್ಲಿ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಮಾಡಿದ ಪ್ರಯತ್ನ ಫಲಿಸಲಿಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮೀನು ಸಾಕಣೆಯ ತಜ್ಞ ಎಚ್. ಸಿ. ವಿಲ್ಸನ್ ಕಾಮನಬಿಲ್ಲಿನ ಟ್ರೌಟ್ ತಂದು, ಅವಲಾಂಚಿಯಲ್ಲಿ ಮರಿ ಮಾಡಿಸಿದ ಮೇಲೆಯೇ ಅದು ನಿಂತದ್ದು.

ಬದುಕಿತೆಂದೇ ಇಟ್ಟುಕೊಳ್ಳಿ, ಆಗ ಕಷ್ಟ ಇನ್ನೂ ದೊಡ್ಡದು. ನಿಮ್ಮ ಹಳ್ಳದಲ್ಲಿ ಕಲ್ಲಿಗೆ ಕಚ್ಚಿಕೊಂಡು ಬದುಕುವ ಮೀನುಗಳಿವೆ, ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಕಪ್ಪೆಗಳ ಗೊದಮೊಟ್ಟೆಗಳಿವೆ. ಟ್ರೌಟ್ ಬೇಟೆಗಾರ ಮೀನು, ಬಾಯಿಗೆ ಹಿಡಿಸಿದ್ದೆಲ್ಲ ತಿನ್ನುತ್ತದೆ. ಕಾವೇರಿಯ ಡುಬ್ಬದ ಮಹಸೀರನ್ನೇ ನೋಡಿ. ಹೊರಗಿನ ಮಹಸೀರ್ ಜಾತಿಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ನದಿಗೆ ಬಿಟ್ಟರು. ಮೂಲದ್ದು ಇಂದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ, ಅದಕ್ಕೆ ಹೇಳುವ ಕಾರಣಗಳಲ್ಲಿ ಅದೂ ಒಂದು.

ಪ್ರಶ್ನೆ: ಹಿಡಿದ ಮೀನನ್ನು ನೀರಿಗೆ ಬಿಟ್ಟೆ. ಹತ್ತು ನಿಮಿಷದ ಮೇಲೆ ಅದೇ ಮೀನು ಕೆಳಗೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಎಲ್ಲಿ ತಪ್ಪಿದೆ?
— ಮಂಗಳೂರಿನ ಓದುಗರು

ಬಹುಶಃ ಆಟ ಉದ್ದವಾಯಿತು. ತೀರ ಸಪೂರ ದಾರದಲ್ಲಿ ಐದು ನಿಮಿಷ ಆಡಿಸಿದ ಮೀನಿನ ಸ್ನಾಯುಗಳಲ್ಲಿ ಆಮ್ಲ ತುಂಬಿರುತ್ತದೆ. ಈಜಿ ಹೋದಂತೆ ಕಂಡರೂ ಆಮೇಲೆ ಸೋಲುತ್ತದೆ. ಒಂದು ಅಡಿಯ ಮೀನು ಒಂದು ನಿಮಿಷದಲ್ಲಿ ಬಲೆಗೆ ಬರಬೇಕು. ಬಲೆ ರಬ್ಬರಿನದಾಗಿರಲಿ, ಗಂಟಿನ ನೂಲು ಮೈಯ ಲೋಳೆ ಕೀಳುತ್ತದೆ. ಆ ಲೋಳೆಯೇ ಅದರ ಚರ್ಮಕ್ಕೆ ಕಾವಲು, ಅದು ಹೋದ ಕಡೆ ಬೂಷ್ಟು ಹತ್ತುತ್ತದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಹೊಟ್ಟೆ ಅದುಮಬೇಡಿ, ಕಿವಿರಿಗೆ ಬೆರಳು ಹಾಕಬೇಡಿ, ದಡದ ಕಲ್ಲಿನ ಮೇಲಂತೂ ಮಲಗಿಸಲೇಬೇಡಿ. ಬಲೆ ನೀರಿನಲ್ಲೇ ಇರುವಾಗ ಕೊಕ್ಕೆ ತೆಗೆಯಿರಿ. ಫೋಟೋ ಬೇಕೆಂದರೆ ಕ್ಯಾಮೆರಾ ಸಿದ್ಧವಾದ ಮೇಲೆ ಎತ್ತಿ ಹತ್ತು ಸೆಕೆಂಡಿನಲ್ಲಿ ಇಳಿಸಿ.

ಕೊಕ್ಕೆ ಗಂಟಲಲ್ಲಿದ್ದರೆ ದಾರವನ್ನು ಬಾಯಿಯ ಬಳಿ ಕತ್ತರಿಸಿ ಬಿಟ್ಟುಬಿಡಿ. ಕಿತ್ತರೆ ಸಾವು ಖಚಿತ. ಬಿಡುವಾಗ ಮುಖ ಸೆಳವಿನ ಕಡೆಗೆ, ನಿಧಾನ ನೀರಿನಲ್ಲಿ ಹಗುರವಾಗಿ ಹಿಡಿದಿರಿ. ಹಿಂದೆ ಮುಂದೆ ಅಲ್ಲಾಡಿಸಬೇಡಿ, ಹಿಂದಕ್ಕೆ ಎಳೆದಾಗ ಕಿವಿರಿನೊಳಗೆ ನೀರು ತಿರುಗುಮುರುಗು ನುಗ್ಗುತ್ತದೆ. ಅದಾಗಿಯೇ ಬಾಲ ಬೀಸಿ ಹೋಗಲಿ. ಥರ್ಮಾಮೀಟರ್ 19 ದಾಟಿ 20ರ ಹತ್ತಿರ ಬಂದರೆ ಆ ದಿನದ ಗಾಳ ಮುಗಿಸಿ.

ಪ್ರಶ್ನೆ: ಅಮೆರಿಕದಲ್ಲಿ ಬಳಸಿದ ನೀರಿಗಿಳಿಯುವ ಬೂಟುಗಳನ್ನೇ ಹಿಮಾಚಲಕ್ಕೆ ತರಬಹುದೆ?
— ಸಿಯಾಟಲ್‌ನ ಓದುಗರು

ತಳ ಉಣ್ಣೆಯಂಥ ಫೆಲ್ಟಿನದಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದು ದಿನಗಟ್ಟಲೆ ಒದ್ದೆಯಾಗಿದ್ದು, ಮರಿಗಳ ಎಲುಬು ಸೊಟ್ಟಗಾಗಿಸಿ ಸುತ್ತುವಂತೆ ಮಾಡುವ ರೋಗದ ಪರಾವಲಂಬಿಯನ್ನೂ ಪಾಚಿಯನ್ನೂ ಒಂದು ಹೊಳೆಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು. ರಬ್ಬರ್ ತಳದ ಬೂಟಾದರೆ ಮಣ್ಣು ಉಜ್ಜಿ ತೊಳೆದು, ಬಿಸಿನೀರಿನಲ್ಲಿ ನೆನೆಸಿ, ಲೇಸಿನ ತೂತೂ ಒಣಗುವವರೆಗೆ ಬಿಸಿಲಿಗಿಟ್ಟು ತನ್ನಿ.

ಪ್ರಶ್ನೆ: ಹನ್ನೆರಡು ವರ್ಷದ ಮಗನೂ ಬರುತ್ತಾನೆ. ಹೊಳೆಗೆ ಇಳಿಸಬಹುದೆ? ದಾಟುವಾಗ ಏನು ನೋಡಿಕೊಳ್ಳಬೇಕು?
— ತುಮಕೂರಿನ ಓದುಗರು

ಮಗನನ್ನು ನೀರಿಗೆ ಇಳಿಸಬೇಡಿ, ದಡದಿಂದಲೇ ಹಾಕಲಿ. ಹರಿವ ನೀರಿನ ತಳ್ಳುವ ಬಲ ವೇಗದ ವರ್ಗದಷ್ಟು ಏರುತ್ತದೆ: ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ನಿಮ್ಮ ಮೊಣಕಾಲಿನ ನೀರು ಅವನಿಗೆ ತೊಡೆಯ ನೀರು. ಮೇಲಾಗಿ 8–10 ಡಿಗ್ರಿಯ ನೀರಿಗೆ ಬಿದ್ದವರ ಕೈಬೆರಳು ಕೆಲವೇ ನಿಮಿಷದಲ್ಲಿ ಹಿಡಿತ ಕಳೆದುಕೊಳ್ಳುತ್ತವೆ.

ದೊಡ್ಡವರು ದಾಟುವುದಾದರೆ ಮಡುವಿನ ಬಾಲ ಅಗಲವಾಗಿ ತೆಳುವಾದ ಕಡೆ ದಾಟಿ. ಕೆಳಗೆ ಝರಿಯೋ ಅಬ್ಬಿಯೋ ಇದ್ದರೆ ಅಲ್ಲಿ ದಾಟಬೇಡಿ. ಮೇಲ್ಮುಖಕ್ಕೆ ಓರೆಯಾಗಿ ನಿಂತು, ಕೋಲನ್ನು ಮೇಲಿನ ಕಡೆಗೆ ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದನ್ನು ಜಾರಿಸುತ್ತ ಸಾಗಿ. ಕಾಲ ಮೇಲೆ ಕಾಲು ಅಡ್ಡಹಾಯಿಸಬೇಡಿ. ಹಾವಸೆಗಟ್ಟಿದ ದುಂಡುಬಂಡೆಯ ಮೇಲೆ ನಿಲ್ಲದೆ ಅವುಗಳ ನಡುವಿನ ಜಲ್ಲಿಯಲ್ಲಿ ಹೆಜ್ಜೆ ಇಡಿ. ಎದೆಮಟ್ಟದ ವೇಡರ್ (ನೀರು ಒಳಬಿಡದ ಉಡುಪು) ಹಾಕಿದವರು ಸೊಂಟಪಟ್ಟಿ ಬಿಗಿಯಲೇಬೇಕು, ಇಲ್ಲದಿದ್ದರೆ ಬಿದ್ದಾಗ ಅದು ನೀರು ತುಂಬಿದ ಕೊಡ. ಬಿದ್ದರೆ ನಿಲ್ಲಲು ಹೆಣಗದೆ ಅಂಗಾತ ತೇಲುತ್ತ, ಕಾಲು ಕೆಳಮುಖಕ್ಕೆ ಚಾಚಿ, ದಡದ ಕಡೆ ಕೈ ಹೊಡೆಯಿರಿ.

ಬೆಳಿಗ್ಗೆ ಮೊಣಕಾಲಿಗೆ ದಾಟಿದ ಜಾಗ ಸಂಜೆ ಹಿಮನೀರಿಗೆ ಸೊಂಟಕ್ಕೆ ಬಂದಿರಬಹುದು. ಬಂದ ಕೂಡಲೇ ನೀರಿನ ಅಂಚಿಗೆ ಒಂದು ಕಲ್ಲು ಇಟ್ಟು ಗುರುತು ಮಾಡಿ, ಅರ್ಧ ಗಂಟೆಗೊಮ್ಮೆ ನೋಡಿ. ಕಲ್ಲು ಮುಳುಗಿದ್ದರೆ, ನೀರಿನ ಬಣ್ಣ ಬದಲಾದರೆ, ಎಲೆ ಕಡ್ಡಿ ಹೆಚ್ಚಾಗಿ ತೇಲಿಬಂದರೆ ರಾಡ್ ಮಡಚಿ ಮೇಲೆ ಹತ್ತಿ, ಮೇಲೆಲ್ಲೋ ಮಳೆಯಾಗಿದೆ.

ಅಣೆಕಟ್ಟಿನ ಕೆಳಗಿನ ನೀರಿಗೆ ಇವೇ ಎಚ್ಚರಗಳು ಸಾಲವು. ತೀರ್ಥನ್ ಮತ್ತು ಸೈಂಜ್ ಹೊಳೆಗಳು ಬಿಯಾಸ್ ಸೇರುವುದು ಲಾರ್ಜಿಯ ಬಳಿ, ಅಲ್ಲಿ ವಿದ್ಯುತ್ ಯೋಜನೆಯ ಅಣೆಕಟ್ಟು ಇದೆ. 2014ರ ಜೂನ್ 8ರ ಸಂಜೆ ಆ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೆಳಗೆ ಬಂಡೆಗಳ ಮೇಲೆ ಫೋಟೋ ತೆಗೆಯುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ನೀರು ಏರಿದ್ದು ನಿಮಿಷಗಳ ಲೆಕ್ಕದಲ್ಲಿ. ಲಾರ್ಜಿಯ ಕೆಳಗೆ, ಸೈಂಜ್‌ನ ಯೋಜನಾ ಪ್ರದೇಶದಲ್ಲಿ, ಬರೋಟಿನ ಒಡ್ಡಿನ ಕೆಳಗೆ ಎಷ್ಟೇ ಒಳ್ಳೆಯ ಮಡು ಕಂಡರೂ ಹೊಳೆಯ ಪಾತ್ರಕ್ಕೆ ಇಳಿಯಬೇಡಿ, ಸೈರನ್ ಕೇಳಿಸುತ್ತದೆ ಎಂದು ನಂಬಿ ಕೂರಬೇಡಿ. ನೀರಿನ ಸದ್ದಿನಲ್ಲಿ ಪಕ್ಕದವರ ಕೂಗೂ ಕೇಳಿಸದು.

ಪ್ರಶ್ನೆ: ಊಟಕ್ಕೆ ಇಟ್ಟುಕೊಂಡ ಟ್ರೌಟ್ ಸಂಜೆಗೆ ಮೆತ್ತಗಾಗಿ ಕಹಿ ಬಂತು. ಶುಚಿ ಮಾಡುವ ಕ್ರಮ ತಿಳಿಸಿ.
— ಧಾರವಾಡದ ಓದುಗರು

ಹೊಳೆಯ ದಡದಲ್ಲೇ, ಹಿಡಿದ ಹದಿನೈದು ನಿಮಿಷದೊಳಗೆ ಆಗಬೇಕಾದ ಕೆಲಸ. ತಲೆಗೆ ಒಂದೇಟು ಕೊಟ್ಟು ಕೊಂದು, ಕಿವಿರು ಕತ್ತರಿಸಿ ರಕ್ತ ಹೋಗಲು ಬಿಡಿ. ಹಿಂಬದಿಯ ರಂಧ್ರದಿಂದ ದವಡೆಯವರೆಗೆ ಹೊಟ್ಟೆ ಸೀಳುವಾಗ ಚೂರಿಯ ತುದಿ ಮಾತ್ರ ಒಳಗಿರಲಿ. ಆಳಕ್ಕೆ ಹೋದರೆ ಪಿತ್ತಕೋಶ ಒಡೆಯುತ್ತದೆ, ನಿಮಗೆ ಬಂದ ಕಹಿ ಅದರದ್ದೇ. ಕರುಳು, ಕಿವಿರು ಒಟ್ಟಿಗೆ ಎಳೆದು ತೆಗೆದ ಮೇಲೆ ಬೆನ್ನೆಲುಬಿಗೆ ಅಂಟಿಕೊಂಡು ಒಂದು ಕಪ್ಪುಗೆಂಪು ಗೆರೆ ಉಳಿಯುತ್ತದೆ. ಅದು ಮೂತ್ರಪಿಂಡ, ಮೊದಲು ಕೆಡುವುದು ಅದೇ. ಹೆಬ್ಬೆರಳ ಉಗುರಿನಿಂದ ಉದ್ದಕ್ಕೂ ಕೆರೆದು ತೆಗೆಯಿರಿ. ನೀರಿನಲ್ಲಿ ನೆನೆಹಾಕದೆ ಒಮ್ಮೆ ತೊಳೆದು, ಒರೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಬುಟ್ಟಿಯಲ್ಲಿ ನೆರಳಿಗಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಎರಡೇ ಗಂಟೆಯಲ್ಲಿ ಬೆಂದಂತಾಗುತ್ತದೆ. ಕರುಳನ್ನು ಹೊಳೆಗೆ ಎಸೆಯದೆ ದಡದಿಂದ ದೂರ ಹೂಳಿ. ಹುರಿಯುವಾಗ ಹುರುಪೆ ಕೆರೆಯುವ ಕೆಲಸವಿಲ್ಲ, ಟ್ರೌಟಿನ ಹುರುಪೆ ಅಷ್ಟು ಸಣ್ಣದು. ಉಪ್ಪು, ಅರಿಸಿನ ಸವರಿ ತೊಗಲಿನೊಂದಿಗೇ ಕಾವಲಿಗೆ ಹಾಕಿ.